ನಿಮಗಿದು ಗೊತ್ತೆ? ಮರದ ಪಾಕಕ್ಕೊಂದು ಜಾತ್ರೆ!

ಕೆನಡಾದ ಒಂಟಾರಿಯೊ ಪ್ರಾಂತ್ಯದ ಎಲ್ಮೈರಾ ಪುಟ್ಟ ಊರು. ಟೊರಾಂಟೊದಲ್ಲಿ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಗೆ ಮರಳಬಹುದಾದಷ್ಟು ದೂರ. ಚಳಿಗಾಲ ಮುಗಿಯುವ ಹೊತ್ತಿಗೆ ಇಲ್ಲಿ ಮೇಪಲ್ ಸಿರಪ್ ಹಬ್ಬ. 1965ರಲ್ಲಿ ಶುರುವಾದ ಈ ಹಬ್ಬಕ್ಕೆ 2000ನೇ ಇಸವಿಯಲ್ಲಿ ಒಂದೇ ದಿನ 66,529 ಮಂದಿ ಬಂದದ್ದು ಗಿನ್ನೆಸ್ ದಾಖಲೆ.

ರಾತ್ರಿ ಹೆಪ್ಪುಗಟ್ಟಿಸುವ ಚಳಿ, ಹಗಲು ತುಸು ಬಿಸಿಲು. ಹೀಗಿದ್ದರಷ್ಟೇ ಮೇಪಲ್ ಮರದಲ್ಲಿ ರಸ ಹರಿಯುತ್ತದೆ. ಕಾಂಡಕ್ಕೆ ತೂತು ಕೊರೆದು ನಳಿಕೆ ಸಿಕ್ಕಿಸಿದರೆ ತೊಟ್ಟಿಕ್ಕುವುದು ನೀರಿನಂಥ ದ್ರವ. ಅದರಲ್ಲಿ ಸಕ್ಕರೆ ಸುಮಾರು ಶೇ 2 ಮಾತ್ರ. 40 ಲೀಟರ್ ರಸ ಕುದಿಸಿದರೆ ಸಿಗುವ ಪಾಕ ಹೆಚ್ಚೆಂದರೆ 1 ಲೀಟರ್! ಬೆಲೆ ದುಬಾರಿ ಏಕೆಂದು ಬೇರೆ ಹೇಳಬೇಕಿಲ್ಲ. ಕುದಿ 104 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಹದ ಬಂತೆಂದೇ ಲೆಕ್ಕ. ಇನ್ನಷ್ಟು ಕಾಯಿಸಿ ಹಿಮದ ಮೇಲೆ ಎಳೆಯಾಗಿ ಸುರಿದರೆ ಅಂಟಂಟು ಮಿಠಾಯಿ. ಅದನ್ನು ಕಡ್ಡಿಗೆ ಸುತ್ತಿ ಚೀಪುವುದೇ ಮಜಾ.

ಯುರೋಪಿನವರು ಬರುವ ಮೊದಲೇ ಮೂಲನಿವಾಸಿಗಳಿಗೆ ಈ ವಿದ್ಯೆ ಕರಗತವಾಗಿತ್ತು. ಮರ ಚಿಗುರತೊಡಗಿದರೆ ರಸದ ರುಚಿ ಕೆಡುತ್ತದೆ. ಆ ವರ್ಷದ ಪಾಕದ ಕೆಲಸ ಅಲ್ಲಿಗೆ ಬಂದ್.