ಫಲಕದ ಮೇಲೆ ಬಂಧಿತನ ಹೆಸರು

ದಸ್ತಗಿರಿಯಾದವರ ಹೆಸರು, ವಿಳಾಸವನ್ನು ಪೊಲೀಸರು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಅಪರಾಧ ಸಾಬೀತಾಗುವ ಮೊದಲೇ ಹೀಗೆ ಮಾನ ಕಳೆಯುವುದೇಕೆ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಈ ನಿಯಮ ಹುಟ್ಟಿದ್ದು ಬಂಧಿತನ ರಕ್ಷಣೆಗಾಗಿಯೇ.

1986ರ ಆಗಸ್ಟ್‌ನಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ.ಕೆ. ಬಸು, ಲಾಕಪ್ ಸಾವುಗಳ ಪತ್ರಿಕಾ ವರದಿಗಳತ್ತ ಗಮನ ಸೆಳೆದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಆ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಲಾಯಿತು. ತೀರ್ಪು ಬಂದದ್ದು ಮಾತ್ರ ಹತ್ತು ವರ್ಷ ಕಳೆದು, 1996ರ ಡಿಸೆಂಬರ್‌ನಲ್ಲಿ. ಅದರ 11 ಸೂಚನೆಗಳಲ್ಲಿ ಕೊನೆಯದು: ಬಂಧನವಾದ 12 ಗಂಟೆಯೊಳಗೆ ಪೊಲೀಸ್ ನಿಯಂತ್ರಣ ಕೊಠಡಿಗೆ ತಿಳಿಸಬೇಕು, ಅಲ್ಲಿನ ಫಲಕದಲ್ಲಿ ಅದು ಕಾಣಬೇಕು. ಗುಟ್ಟಾಗಿ ಎತ್ತಿಕೊಂಡು ಹೋದವನ ಬಗ್ಗೆ ‘ಆತ ಇಲ್ಲಿಗೆ ಬಂದೇ ಇಲ್ಲ’ ಎಂದುಬಿಡುವುದು ಸುಲಭ. ಮಗನನ್ನು ಹುಡುಕಿಕೊಂಡು ಠಾಣೆಯಿಂದ ಠಾಣೆಗೆ ಅಲೆಯುವ ತಾಯಿಗಾಗಿ ಆ ಫಲಕ.

ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಿಂದ ಸೇರಿದ 41-ಸಿ ಕಲಂ ಇದನ್ನು ಶಾಸನವಾಗಿಸಿತು. ಬಂಧಿತನ ಹೆಸರಿನೊಂದಿಗೆ ಬಂಧಿಸಿದ ಅಧಿಕಾರಿಯ ಹೆಸರು, ಹುದ್ದೆಯೂ ಫಲಕದಲ್ಲಿರಬೇಕೆಂದು ಅದು ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಪ್ರಕಾರ ಹೆಸರು, ವಿಳಾಸ, ಆರೋಪದ ಸ್ವರೂಪ ಇವು ಪ್ರತಿ ಠಾಣೆಯಲ್ಲೂ ಪ್ರಕಟವಾಗಬೇಕು, ಡಿಜಿಟಲ್ ರೂಪದಲ್ಲೂ ಆಗಬಹುದು. ಅಧಿಕಾರಿಯ ಹೆಸರು ಮಾತ್ರ ಈ ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗಿದೆ! ಬಂಧಿಸುವಾಗ ಆತ ಹೆಸರಿನ ಪಟ್ಟಿ ಧರಿಸಬೇಕೆಂಬ ನಿಯಮವೇನೋ ಉಳಿದಿದೆ.

ಗೋಡೆಯ ಫಲಕವನ್ನು ನೋಡುವವರು ಹುಡುಕಿಕೊಂಡು ಬಂದವರು. ನಾಳಿನ ಹೆಸರು ಬರೆಯಲು ಇಂದಿನದನ್ನು ಒರೆಸಲೇಬೇಕು. ಕಂಪ್ಯೂಟರಿಗೆ ಸೇರಿದ ಹೆಸರಿಗೆ ಆ ಭಾಗ್ಯವಿಲ್ಲ. ಒಬ್ಬರು ನಕಲು ಮಾಡಿಕೊಂಡರೆ ಮುಗಿಯಿತು. ಹತ್ತು ವರ್ಷಗಳ ನಂತರ ಕೆಲಸ ಕೊಡುವವರು, ಹೆಣ್ಣು ಕೊಡುವವರು ಅದನ್ನು ನೋಡಿಯಾರು. ಅಷ್ಟರಲ್ಲಿ ಆತ ಖುಲಾಸೆಯಾಗಿದ್ದರೆ? ಖುಲಾಸೆಯನ್ನೂ ಅದೇ ಫಲಕದಲ್ಲಿ ಹಾಕಬೇಕೆಂದು 37ನೇ ಕಲಂ ಹೇಳುವುದಿಲ್ಲ. ಹೆಸರು ಎಷ್ಟು ದಿನ ಇರಬೇಕೆಂಬುದನ್ನೂ ಹೇಳುವುದಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದಕ್ಕೆ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯಸಮ್ಮತ ಉದ್ದೇಶ ಬೇಕು, ಆ ಉದ್ದೇಶಕ್ಕೆ ಬೇಕಾದಷ್ಟಕ್ಕೇ ಅದು ಮಿತವಾಗಿರಬೇಕು. 2024ರ ಮೇ ತಿಂಗಳಲ್ಲಿ, ದೆಹಲಿಯ ಪ್ರಕರಣವೊಂದರಲ್ಲಿ, ನಮ್ಮ ರೌಡಿ ಪಟ್ಟಿಯನ್ನು ಹೋಲುವ ‘ಹಿಸ್ಟರಿ ಶೀಟ್’ ಪೊಲೀಸರ ಆಂತರಿಕ ಕಡತ, ಸಾರ್ವಜನಿಕರಿಗೆ ಸಿಗುವಂಥದ್ದಲ್ಲ ಎಂದೂ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಹಾಗೆಂದು ಬಂಧಿತರ ಹೆಸರನ್ನೇ ಮುಚ್ಚಿಡಿ ಎನ್ನುವುದು ಅಪಾಯ. ಕತ್ತಲು ಲಾಕಪ್ಪಿಗೇ ಅನುಕೂಲ. ಪೊಲೀಸರ ವಶದಲ್ಲಿರುವಷ್ಟು ಕಾಲ ಹೆಸರು ಫಲಕದಲ್ಲಿರಲಿ, ಬಿಡುಗಡೆಯಾದ ದಿನ ಇಳಿಯಲಿ. ಠಾಣೆಯ ಮತ್ತು ನ್ಯಾಯಾಲಯದ ಕಡತಗಳಲ್ಲಿ ಅದು ಹೇಗೂ ಉಳಿಯುತ್ತದೆ. ಫಲಕದಿಂದ ಬಿಟ್ಟುಹೋದ ಅಧಿಕಾರಿಯ ಹೆಸರನ್ನು ಮತ್ತೆ ಬರೆಸಲು ರಾಜ್ಯ ಸರ್ಕಾರದ ಒಂದು ಸುತ್ತೋಲೆ ಸಾಕು.