ಗೆದ್ದವನ ಮನೆಯ ಸೋಲು

2019ರ ಫೆಬ್ರವರಿ 16. ಮದ್ದೂರು–ಮಳವಳ್ಳಿ ರಸ್ತೆಯ ಮೆಳ್ಳಹಳ್ಳಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಎರಡು ದಿನದ ಹಿಂದೆ ಪುಲ್ವಾಮಾದಲ್ಲಿ ಸಿಆರ್‌ಪಿಎಫ್ ಬಸ್ಸಿನ ಮೇಲೆ ದಾಳಿಯಾಗಿ 40 ಯೋಧರು ಸತ್ತಿದ್ದರು. ಅವರಲ್ಲೊಬ್ಬರು ಮದ್ದೂರು ತಾಲೂಕು ಗುಡಿಗೆರೆಯ ಎಚ್. ಗುರು. ಅವತ್ತು ಅಲ್ಲಿ ಅವರ ಅಂತ್ಯಸಂಸ್ಕಾರ. ಇಡೀ ಮಂಡ್ಯ ಜಿಲ್ಲೆ ಅತ್ತಿತು.

ಆಮೇಲೆ? ನಾವು, ಸ್ಟುಡಿಯೋದಲ್ಲಿ ಕೂತವರು, ಯುದ್ಧ ಶುರು ಮಾಡಿದೆವು. ಪರದೆ ಮೇಲೆ ಟ್ಯಾಂಕು, ವಿಮಾನ, ಬೆಂಕಿ. ಅದರ ಮೇಲೆ ನಮ್ಮ ಗಂಟಲು. ಆ ಗದ್ದಲದ ಮಧ್ಯೆ ನನಗೆ ಪದೇಪದೇ ನೆನಪಾಗಿದ್ದು ಒಂದು ಹಳೇ ಸಿನಿಮಾ: ‘ಮುತ್ತಿನ ಹಾರ’.

1990ರ ಚಿತ್ರ. ನಿರ್ದೇಶಕರು ಎಸ್.ವಿ. ರಾಜೇಂದ್ರಸಿಂಗ್ ಬಾಬು, ಸಂಗೀತ ಹಂಸಲೇಖ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಕೊಡಗಿನ ಸೈನಿಕ ಅಚ್ಚಪ್ಪನಾಗಿ ವಿಷ್ಣುವರ್ಧನ್, ನರ್ಸ್ ಅನ್ನಪೂರ್ಣೆಯಾಗಿ ಸುಹಾಸಿನಿ.

ಯುದ್ಧದ ಸಿನಿಮಾಕ್ಕೆ ಒಂದು ಸಿದ್ಧ ಸೂತ್ರ ಇದೆ. ಶತ್ರು ಬರ್ತಾನೆ, ಹೀರೋ ಹೊಡೀತಾನೆ, ಬಾವುಟ ಹಾರುತ್ತೆ, ನಾವು ಶಿಳ್ಳೆ ಹೊಡೆದು ಮನೆಗೆ ಹೋಗ್ತೀವಿ. ‘ಸಾಹಸಸಿಂಹ’ನನ್ನ ನೋಡೋಕೆ ಟಿಕೆಟ್ ತಗೊಂಡವರು ಬಯಸಿದ್ದೂ ಅದನ್ನೇ ಇರಬೇಕು. ಬಾಬು ತೋರಿಸಿದ್ದು ಬೇರೆ. ಅಚ್ಚಪ್ಪ ಧೀರ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವನ ಒಬ್ಬನೇ ಮಗ ವೀರರಾಜು ಯುದ್ಧಕ್ಕೆ ಬಲಿಯಾಗ್ತಾನೆ. ದೇಶ ಕಾಯೋ ಕೈಗೆ ಸ್ವಂತ ಮಗುವನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ. ಅಲ್ಲಿ ಹೀರೋ ಅನ್ನೋನು ಕರಗಿ ಹೋಗ್ತಾನೆ, ಒಬ್ಬ ಅಪ್ಪ ಮಾತ್ರ ಉಳೀತಾನೆ.

ಹಾಗಂತ ಇದು ಸೈನಿಕನನ್ನ ಸಣ್ಣವನಾಗಿ ಮಾಡೋ ಸಿನಿಮಾನಾ? ಖಂಡಿತ ಅಲ್ಲ. ಅವನ ಶೌರ್ಯಕ್ಕೆ ಎಷ್ಟು ಬೆಲೆ ತೆತ್ತ ಅಂತ ಲೆಕ್ಕ ಕೊಡೋ ಸಿನಿಮಾ. ಅನ್ನಪೂರ್ಣೆಯನ್ನೂ ನೋಡಿ. ಬಾಗಿಲಲ್ಲಿ ನಿಂತು ಗಂಡನ ದಾರಿ ಕಾಯೋ ಹೆಂಗಸಲ್ಲ ಅವಳು. ಗಾಯಾಳುಗಳ ರಕ್ತ ಒರೆಸಿದವಳು. ಯುದ್ಧ ಅಂದ್ರೆ ಏನು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಮಾತು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡು ಕೊಡಗು. ಆ ನಾಡನ್ನ ಈ ಚಿತ್ರ ಬರೀ ಮಂಜು, ಬೆಟ್ಟ ಅಂತ ತೋರಿಸದೆ ಒಂದು ಮನೆಯಾಗಿ ತೋರಿಸಿತು. ಅದು ದೊಡ್ಡ ಗೌರವ. ಆದರೆ ಕನ್ನಡದ ಸೈನಿಕ ಅಂದ್ರೆ ಕೊಡವ ಅನ್ನೋ ಚಿತ್ರವೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಗುರು ಹೊರಟಿದ್ದು ಕಬ್ಬು, ಭತ್ತದ ಸೀಮೆಯಿಂದ. ಸೇರಿದ್ದು ಭೂಸೇನೆಗಲ್ಲ, ಗೃಹ ಇಲಾಖೆಯ ಕೈಕೆಳಗಿರೋ ಸಿಆರ್‌ಪಿಎಫ್‌ಗೆ. ಅಂಥ ಯೋಧನ ಬದುಕು ನಮ್ಮ ತೆರೆ ಮೇಲೆ ಬರೋದು ಅಪರೂಪ. ಬದುಕಿದ್ದಾಗ ನಮ್ಮ ಚಾನೆಲ್‌ಗಳಲ್ಲೂ ಅವನು ಕಾಣಿಸಲ್ಲ. ಶವಪೆಟ್ಟಿಗೆ ಊರಿಗೆ ಬಂದ ದಿನ ಮಾತ್ರ ಲೈವ್.

ಮದ್ದೂರಿನಿಂದ ಮಳವಳ್ಳಿ ಕಡೆಗೆ ಹೋಗುವಾಗ ಮೆಳ್ಳಹಳ್ಳಿ ಹತ್ತಿರ ಒಂದು ನಿಮಿಷ ಗಾಡಿ ನಿಲ್ಲಿಸಿ. ಜೈಕಾರ ಬೇಡ, ಸುಮ್ಮನೆ ನಿಂತರೂ ಸಾಕು. ಯುದ್ಧ ಬೇಕೋ ಬೇಡವೋ ಅನ್ನೋ ಚರ್ಚೆ ನಾಳೆ ಮತ್ತೆ ನಮ್ಮಲ್ಲೇ ನಡೆಯುತ್ತೆ. ಅವತ್ತು ಕಿರುಚೋ ಮುಂಚೆ, ಈ ಲೆಕ್ಕ ಯಾರ ಮನೆ ಬಾಗಿಲಿಗೆ ಹೋಗುತ್ತೆ ಅಂತ ನಾನೂ ಕೇಳಿಕೊಳ್ತೀನಿ, ನೀವೂ ಕೇಳಿಕೊಳ್ಳಿ.