‘ಉಡುಪಿ ಹತ್ರ’ ಅಲ್ಲ, ಮೊಗೇರಿ: ಒಬ್ಬ ಕವಿಯ ಊರು ಮತ್ತು ಕಿವಿ

‘ನಿಮ್ಮ ಊರು ಯಾವುದು?’ ಅಂತ ಯಾರಾದರೂ ಕೇಳಿದರೆ ನಮ್ಮ ಕಡೆಯ ಸುಮಾರು ಜನರ ಉತ್ತರ ಒಂದೇ: ‘ಉಡುಪಿ ಹತ್ರ’. ಬೈಂದೂರಿನವರೂ ಹಾಗೇ ಹೇಳ್ತಾರೆ, ಬಾರ್ಕೂರಿನವರೂ ಹಾಗೇ. ಬಾರ್ಕೂರು ಒಂದು ಕಾಲದಲ್ಲಿ ಆಳುಪ ಅರಸರ ರಾಜಧಾನಿ ಆಗಿದ್ದ ಊರು. ಆದರೂ ಹೆಸರು ಹೇಳಲು ಏನೋ ಸಂಕೋಚ. ಹಳ್ಳಿಯಿಂದ ಬಂದವರು ಅಂದರೆ ಬರಿಗೈಯಲ್ಲಿ ಬಂದವರು ಅನ್ನುವ ಭಾವನೆ ಒಳಗೆಲ್ಲೋ ಕೂತಿದೆ. ಇದು ಎಷ್ಟು ಸರಿ? ಇಬ್ಬರು ಕವಿಗಳ ಬಾಲ್ಯವನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಬ್ಬರು ನಮ್ಮ ಸೀಮೆಯ ಗೋಪಾಲಕೃಷ್ಣ ಅಡಿಗರು. ಇನ್ನೊಬ್ಬ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್.

ಮೊದಲು ದೂರದವನ ಕಥೆ. ಬರ್ನ್ಸ್ ಹುಟ್ಟಿದ್ದು 1759ರ ಜನವರಿ 25ರಂದು, ಅಲೋವೆ ಎಂಬ ಹಳ್ಳಿಯಲ್ಲಿ. ಮನೆ ಅಪ್ಪನೇ ಕಟ್ಟಿದ್ದ ಮಣ್ಣಿನ ಗೋಡೆಯ ಗುಡಿಸಲು. ಮಗು ಹುಟ್ಟಿ ಕೆಲವೇ ದಿನಗಳಲ್ಲಿ ಬಿರುಗಾಳಿಗೆ ಅದರ ಒಂದು ಭಾಗ ಕುಸಿದೇ ಹೋಯಿತು. ಮುಂದೆ ಅಪ್ಪ ಗೇಣಿಗೆ ಹೊಲ ಹಿಡಿದರು. ಹುಡುಗ ಎಳೆ ವಯಸ್ಸಿನಲ್ಲೇ ನೇಗಿಲು ಹಿಡಿದ. 1786ರಲ್ಲಿ ಅವನ ಮೊದಲ ಪುಸ್ತಕ ಬಂದಾಗ ಅಚ್ಚಾದದ್ದು 612 ಪ್ರತಿ. ಎಡಿನ್‌ಬರೋದ ದೊಡ್ಡವರು ಬೆರಗಾದರು. ಇವನಿಗೆ ದೇವರೇ ಕಲಿಸಿರಬೇಕು ಅಂದರು.

ಆದರೆ ಕಲಿಸಿದವರು ದೇವರಷ್ಟೇ ಅಲ್ಲ ಮಾರಾಯ್ರೆ! ಅಪ್ಪ ನೆರೆಹೊರೆಯವರ ಜೊತೆ ಸೇರಿ ಮಕ್ಕಳಿಗೆ ಜಾನ್ ಮರ್ಡಕ್ ಎಂಬ ಮೇಷ್ಟ್ರನ್ನು ಗೊತ್ತುಮಾಡಿದ್ದರು. ಅಮ್ಮ ಹಳೆಯ ಹಾಡುಗಳನ್ನು ಹಾಡುತ್ತಿದ್ದಳು. ಬೆಟ್ಟಿ ಡೇವಿಡ್ಸನ್ ಎಂಬ ನೆಂಟರ ಹೆಂಗಸು ದೆವ್ವ ಭೂತಗಳ ಕಥೆ ಹೇಳುತ್ತಿದ್ದಳು. ಮನೆ ಬಡವರದ್ದು, ನಿಜ. ಆದರೆ ಖಾಲಿ ಮನೆ ಆಗಿರಲಿಲ್ಲ.

ಈಗ ನಮ್ಮೂರಿಗೆ ಬರೋಣ. ಬಾರ್ಕೂರಿನಿಂದ ಹೆದ್ದಾರಿಗೆ ಬಂದು ಉತ್ತರಕ್ಕೆ ಹೊರಟರೆ ಕೋಟ, ಕುಂದಾಪುರ, ಮರವಂತೆ ದಾಟಿ ಬೈಂದೂರು ಸೀಮೆ ಸಿಗುತ್ತದೆ. ಅಲ್ಲಿನ ಮೊಗೇರಿ ಎಂಬ ಹಳ್ಳಿಯಲ್ಲಿ 1918ರ ಫೆಬ್ರವರಿ 18ರಂದು ಅಡಿಗರು ಹುಟ್ಟಿದರು. ಆಗ ಇದೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ವೈದಿಕ ಸಂಪ್ರದಾಯದ ಮನೆ. ಓದು ಊರ ಕಡೆ ಶುರುವಾಗಿ, ಕುಂದಾಪುರದ ಹೈಸ್ಕೂಲು ದಾಟಿ, ಮೈಸೂರಿಗೆ ಹೋಯಿತು. ಮುಂದೆ ಅವರು ಇಂಗ್ಲಿಷ್ ಅಧ್ಯಾಪಕರಾದರು, ಕನ್ನಡದ ನವ್ಯ ಕಾವ್ಯಕ್ಕೆ ದಾರಿ ತೋರಿದರು. ‘ವರ್ಧಮಾನ’ ಸಂಕಲನಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಾಗಾದರೆ ಮೊಗೇರಿ ಕೊಟ್ಟದ್ದೇನು? ಕಿವಿ. ಹುಡುಗನಾಗಿದ್ದಾಗಲೇ ಅಡಿಗರು ಷಟ್ಪದಿಯಲ್ಲಿ ಪದ್ಯ ಕಟ್ಟುತ್ತಿದ್ದರು. ಅದು ನಮ್ಮ ಸೀಮೆಯ ಗಾಳಿಯಲ್ಲೇ ಇದ್ದ ಲಯ. ಕುಮಾರವ್ಯಾಸನ ಭಾರತ ಇರುವುದು ಭಾಮಿನಿ ಷಟ್ಪದಿಯಲ್ಲಿ, ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿ. ಯಕ್ಷಗಾನದ ಭಾಗವತರು ಇವೆರಡನ್ನೂ ಹಾಡುತ್ತಾರೆ.

ನಮಗೆ ಲೆಕ್ಕ ಇಷ್ಟ ಅಲ್ವಾ, ಭಾಮಿನಿಯ ಲೆಕ್ಕ ನೋಡಿ. ಹ್ರಸ್ವ ಅಕ್ಷರಕ್ಕೆ 1 ಮಾತ್ರೆ, ದೀರ್ಘಕ್ಕೆ 2. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ 2. ಉದಾಹರಣೆಗೆ ನಾವೇ ಕಟ್ಟಿದ ಒಂದು ಸಾಲು: ‘ನಮ್ಮ ಊರಿನ ಕಡಲ ಗಾಳಿಯು’. ಎಣಿಸಿದರೆ 3, 4, 3, 4, ಒಟ್ಟು 14. ಪದ್ಯದ 1, 2, 4, 5ನೇ ಸಾಲುಗಳು ಹೀಗೇ ಇರುತ್ತವೆ. 3 ಮತ್ತು 6ನೇ ಸಾಲಿನಲ್ಲಿ ಈ 3+4ರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು, ಅಂದರೆ 23. ಇಡೀ ಪದ್ಯಕ್ಕೆ 102 ಮಾತ್ರೆ. ಆಟ ನೋಡುತ್ತಾ ಬೆಳೆದ ಮಗು ಇದನ್ನು ಎಣಿಸಿ ಕಲಿಯುವುದಿಲ್ಲ. ಚಂಡೆ ಮದ್ದಳೆಯ ಪೆಟ್ಟಿನ ಜೊತೆ ಅದು ಮೈಗೆ ಇಳಿಯುತ್ತದೆ.

ಮುಂದೆ ಅಡಿಗರು ಈ ಹಳೆಯ ಕಟ್ಟನ್ನು ಬಿಟ್ಟರು. ಆಡುಮಾತಿನ ಏರಿಳಿತವನ್ನು ಕವಿತೆಗೆ ತಂದರು, ಸಾಲುಗಳನ್ನು ಬೇಕಾದಲ್ಲಿ ಮುರಿದರು. ಆ ಹೊಸ ದಾರಿಯನ್ನು ಗಟ್ಟಿಮಾಡಿದ 1954ರ ಸಂಕಲನಕ್ಕೆ ಅವರು ಇಟ್ಟ ಹೆಸರು ‘ಚಂಡೆಮದ್ದಳೆ’! ಲಯ ಕೈವಶ ಆಗಿದ್ದವರಿಗೆ ಮಾತ್ರ ಅದನ್ನು ಎಲ್ಲಿ ಮುರಿಯಬೇಕು ಅಂತ ಗೊತ್ತಿರುತ್ತದೆ.

ಇಬ್ಬರ ನಡುವೆ ಒಂದು ವ್ಯತ್ಯಾಸವನ್ನೂ ಹೇಳಬೇಕು. ಬರ್ನ್ಸ್ ತನ್ನ ಊರಿನ ಸ್ಕಾಟ್ಸ್ ನುಡಿಯಲ್ಲೇ ಬರೆದು ಹೆಸರಾದ. ಅಡಿಗರು ಕಾವ್ಯಕ್ಕೆ ಕುಂದಾಪ್ರ ಕನ್ನಡವನ್ನು ಆರಿಸಿಕೊಳ್ಳಲಿಲ್ಲ, ಎಲ್ಲರ ಕನ್ನಡದಲ್ಲಿ ಬರೆದರು. ಹಾಗಾಗಿ ಊರನ್ನು ಜೊತೆಗೆ ಒಯ್ಯುವುದು ಅಂದರೆ ಎಲ್ಲ ಕಡೆ ‘ಹ್ವಾಯ್’ ಅನ್ನಲೇಬೇಕು ಅಂತೇನಿಲ್ಲ. ಒಬ್ಬ ಮಾತನ್ನು ಒಯ್ದ, ಇನ್ನೊಬ್ಬರು ಲಯವನ್ನು ಒಯ್ದರು. ಹಳ್ಳಿಯಲ್ಲಿ ಏನೂ ಇರಲಿಲ್ಲ ಅಂತ ಇಬ್ಬರೂ ಅಂದುಕೊಳ್ಳಲಿಲ್ಲ, ಅಷ್ಟೇ.

ಅಲೋವೆಯ ಆ ಗುಡಿಸಲು ಇವತ್ತು ಮ್ಯೂಸಿಯಂನ ಭಾಗ. ಜನ ಹುಡುಕಿಕೊಂಡು ಹೋಗ್ತಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಬಾರ್ಕೂರಿನ ಸುತ್ತಮುತ್ತ ಮಂದಾರ್ತಿ ಮೇಳದ ಹರಕೆ ಆಟ ಇದ್ದೇ ಇರುತ್ತದೆ. ಒಂದು ರಾತ್ರಿ ಹೋಗಿ ಕೂತು, ಭಾಗವತರು ಭಾಮಿನಿ ಎತ್ತಿಕೊಂಡಾಗ ಬೆರಳಲ್ಲಿ 3, 4, 3, 4 ಎಣಿಸಿ ನೋಡಿ. ಮನೆಯಲ್ಲಿ ಅಜ್ಜಿ ಇದ್ದರೆ, ಅವರಿಗೆ ಬರುವ ಹಾಡುಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ. ಇವತ್ತು ಕೇಳದೇ ಹೋದರೆ ನಾಳೆ ಕೇಳಲು ಯಾರೂ ಇರಲಿಕ್ಕಿಲ್ಲ.

ಇನ್ನೊಂದು ಮಾತು. ಪುಸ್ತಕಗಳ ಮೇಲೆ ‘ಎಂ. ಗೋಪಾಲಕೃಷ್ಣ ಅಡಿಗ’ ಅಂತ ಇರುತ್ತದಲ್ಲ, ಆ ‘ಎಂ.’ ಅಂದರೆ ಮೊಗೇರಿ.